ಕ್ಯಾರವಾನ್ ಫ್ರಿಜ್ ದಾರಿಯುದ್ದಕ್ಕೂ ತಣ್ಣಗಿರಲು ಏನು ಮಾಡಬೇಕು? ಪರ್ತ್‌ನಿಂದ ಅಡಿಲೇಡ್‌ವರೆಗೆ, ಹಂತ ಹಂತವಾಗಿ

ಎರಡನೇ ದಿನ ಮಧ್ಯಾಹ್ನ ಬಾಗಿಲು ತೆಗೆದರೆ ಮೊಸರು ಹುಳಿಯಾಗಿದೆ. ದೋಸೆ ಹಿಟ್ಟು ಉಕ್ಕಿ ಡಬ್ಬದಿಂದ ಕೆಳಗಿನ ತಟ್ಟೆಗೆ ಇಳಿದಿದೆ. ಫ್ರಿಜ್ ಲೈಟ್ ಮಾತ್ರ ಚೆನ್ನಾಗಿ ಉರಿಯುತ್ತಿದೆ. ಕಾರಿಗೆ ಕ್ಯಾರವಾನ್ (ಕಾರಿನ ಹಿಂದೆ ಎಳೆಯುವ ಮನೆಯಂಥ ಗಾಡಿ) ಕಟ್ಟಿಕೊಂಡು ದೂರ ಹೋಗಿಬಂದ ಎಷ್ಟೋ ಮನೆಯವರು ಹೇಳುವುದು ಇದನ್ನೇ, ಜೊತೆಗೆ "ಫ್ರಿಜ್ ಕೆಟ್ಟಿತ್ತು" ಅಂತಲೂ ಸೇರಿಸುತ್ತಾರೆ. ಹೆಚ್ಚಿನ ಸಲ ಫ್ರಿಜ್ ಕೆಟ್ಟಿರುವುದಿಲ್ಲ. ಯಾವುದನ್ನು ಮೊದಲು ಮಾಡಬೇಕೋ ಅದನ್ನು ಕೊನೆಗೆ ಮಾಡಿರುತ್ತಾರೆ, ಅಷ್ಟೇ.

ಒಂದು ಮಾತು ನೆನಪಿಟ್ಟುಕೊಳ್ಳಿ. ಕ್ಯಾರವಾನ್‌ಗಳಲ್ಲಿ ಸಾಮಾನ್ಯವಾಗಿ ಸಿಗುವ ತ್ರೀ-ವೇ ಫ್ರಿಜ್ (ಮನೆಯ ಕರೆಂಟ್, ಕಾರಿನ ಬ್ಯಾಟರಿ, ಗ್ಯಾಸ್ ಮೂರರಲ್ಲೂ ನಡೆಯುವುದು) ದಾರಿಯಲ್ಲಿ ಓಡುವಾಗ ಏನನ್ನೂ ತಣ್ಣಗೆ ಮಾಡುವುದಿಲ್ಲ. ಮೊದಲೇ ತಣ್ಣಗಿದ್ದದ್ದನ್ನು ಹಾಗೇ ಕಾಯುತ್ತದೆ. ಕೆಳಗಿನ ಹಂತಗಳೆಲ್ಲ ಈ ಒಂದು ಮಾತಿನ ಮೇಲೇ ನಿಂತಿವೆ.

ಉದಾಹರಣೆಗೆ ಆಸ್ಟ್ರೇಲಿಯಾದ ಪರ್ತ್‌ನಿಂದ ಅಡಿಲೇಡ್ ದಾರಿ ತೆಗೆದುಕೊಂಡಿದ್ದೇನೆ. ಸುಮಾರು 2,700 ಕಿಲೋಮೀಟರ್. ಅದರಲ್ಲಿ ನಾರ್ಸ್‌ಮನ್‌ನಿಂದ ಸೆಡೂನಾವರೆಗಿನ 1,200 ಕಿಲೋಮೀಟರ್ ನಲ್ಲಾರ್ಬರ್ ಬಯಲು. ಮಧ್ಯೆ ರೋಡ್‌ಹೌಸ್‌ಗಳು (ಪೆಟ್ರೋಲ್, ಊಟ ಸಿಗುವ ದಾರಿಬದಿಯ ತಂಗುದಾಣಗಳು) ಬಿಟ್ಟರೆ ಊರು ಅನ್ನುವಂಥದ್ದು ಇಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ದಿನಗಳಿರುತ್ತವೆ. ಇಲ್ಲಿ ಊಟ ಕೆಡದಂತೆ ನೋಡಿಕೊಂಡರೆ ಬೇರೆಲ್ಲಿಯೂ ಕಷ್ಟವಿಲ್ಲ.

1. ನಿಮ್ಮ ಫ್ರಿಜ್ ಯಾವ ಬಗೆಯದು ಅಂತ ಮೊದಲು ನೋಡಿ

ಬಾಡಿಗೆ ಕ್ಯಾರವಾನ್ ಆದರೆ ಕೊಡುವವರನ್ನೇ ಕೇಳಿ. ಸ್ವಂತದ್ದಾದರೆ ಸ್ವಿಚ್ ನೋಡಿ. 240 ವೋಲ್ಟ್, 12 ವೋಲ್ಟ್, ಗ್ಯಾಸ್ ಅಂತ ಮೂರು ಗುರುತುಗಳಿದ್ದರೆ ಅದು ತ್ರೀ-ವೇ. ಇದರೊಳಗೆ ಮೋಟಾರ್ ಇಲ್ಲ, ಕಂಪ್ರೆಸರ್ ಇಲ್ಲ. ಹಿಂದೆ ಪೈಪಿನಲ್ಲಿ ಅಮೋನಿಯ, ನೀರು, ಹೈಡ್ರೋಜನ್ ಇರುತ್ತವೆ. ಕೆಳಗಿನಿಂದ ಬಿಸಿ ಕೊಟ್ಟರೆ ಅಮೋನಿಯ ಆವಿಯಾಗಿ ಮೇಲೇರಿ, ಮತ್ತೆ ದ್ರವವಾಗಿ, ಒಳಗಿನ ಶಾಖ ಹೀರಿಕೊಂಡು ಕೆಳಗಿಳಿಯುತ್ತದೆ. ದ್ರವ ಇಳಿಯುವುದು ತನ್ನ ತೂಕದಿಂದಲೇ. ಆದ್ದರಿಂದ ಕ್ಯಾರವಾನ್ ಓರೆಯಾಗಿ ನಿಂತರೆ ಕೆಲಸ ನಿಲ್ಲುತ್ತದೆ.

ಇನ್ನೊಂದು ಬಗೆ 12 ವೋಲ್ಟ್ ಕಂಪ್ರೆಸರ್ ಫ್ರಿಜ್. ಮನೆಯ ಫ್ರಿಜ್‌ನಂತೆ ಆಗಾಗ ಗುಂಯ್ ಅಂತ ಶುರುವಾಗಿ ನಿಲ್ಲುತ್ತದೆ. ಇದು ಬಿಸಿಲಿಗೂ ಓರೆಗೂ ಅಷ್ಟು ಹೆದರುವುದಿಲ್ಲ, ಬೇಗ ತಣ್ಣಗಾಗುತ್ತದೆ. ಇದಕ್ಕೆ ಬ್ಯಾಟರಿ ಮತ್ತು ಸೋಲಾರ್ ಗಟ್ಟಿಯಾಗಿರಬೇಕು. ನಿಮ್ಮದು ಇದಾದರೆ 6 ಮತ್ತು 7ನೇ ಹಂತದಲ್ಲಿ ಗ್ಯಾಸ್, ಮಟ್ಟದ ಭಾಗ ಬಿಟ್ಟುಬಿಡಿ, ಉಳಿದದ್ದೆಲ್ಲ ನಿಮಗೂ ಬೇಕು.

ತ್ರೀ-ವೇ ಫ್ರಿಜ್‌ನ ಹವಾಮಾನ ದರ್ಜೆಯನ್ನೂ ನೋಡಿ. ಬಾಗಿಲ ಒಳಗೆ ಅಂಟಿಸಿದ ಚೀಟಿಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿರುತ್ತಾರೆ. 'ಎನ್' ಅಂದರೆ ಹೊರಗೆ 32 ಡಿಗ್ರಿವರೆಗೆ, 'ಎಸ್‌ಟಿ' ಅಂದರೆ 38, 'ಟಿ' ಅಂದರೆ 43. ಎನ್ ದರ್ಜೆಯದನ್ನು ಜನವರಿಯ ಬೇಸಿಗೆಯಲ್ಲಿ ನಲ್ಲಾರ್ಬರ್‌ಗೆ ಒಯ್ದು ಅದನ್ನು ಬೈದು ಪ್ರಯೋಜನವಿಲ್ಲ.

2. ಕೈಯಲ್ಲಿ ಇರಬೇಕಾದ ಸಾಮಾನು

ಜಾಸ್ತಿ ಏನಿಲ್ಲ. ಹೊರಗಿನಿಂದಲೇ ಓದಬಹುದಾದ ವೈರ್‌ಲೆಸ್ ಥರ್ಮಾಮೀಟರ್ ಒಂದು, ಗುಳ್ಳೆ ಇರುವ ಸಣ್ಣ ಮಟ್ಟಗೋಲು ಒಂದು, ಚಕ್ರದ ಕೆಳಗಿಡುವ ರ‍್ಯಾಂಪ್ ಎರಡು, ವೋಲ್ಟ್ ಅಳೆಯುವ ಒಂದು ಮಲ್ಟಿಮೀಟರ್, ಒಂದು ಒಳ್ಳೆಯ ಎಸ್ಕಿ (ಮಂಜುಗಡ್ಡೆ ಹಾಕಿಡುವ ತಂಪು ಪೆಟ್ಟಿಗೆ), ಮತ್ತು ಗಾಳಿಯಾಡದ ಚೌಕ ಡಬ್ಬಗಳು. ಡಬ್ಬ ಗುಂಡಗಿದ್ದರೆ ಜಾಗ ಹಾಳು.

ಇದರಲ್ಲಿ ಒಂದೇ ಒಂದು ಕೊಳ್ಳುವುದಾದರೆ ಥರ್ಮಾಮೀಟರ್ ಕೊಳ್ಳಿ. ಅದರ ಸೆನ್ಸರ್ ಸುಮ್ನೆ ತಟ್ಟೆಯ ಮೇಲೆ ಬಿಟ್ಟರೆ ಬಾಗಿಲು ತೆಗೆದಾಗಲೆಲ್ಲ ಗಾಳಿಯ ಉಷ್ಣತೆ ತೋರಿಸಿ ಹೆದರಿಸುತ್ತದೆ. ಸಣ್ಣ ಬಾಟಲಿಯಲ್ಲಿ ಅರ್ಧ ನೀರು ತುಂಬಿ, ಸೆನ್ಸರನ್ನು ಬಾಟಲಿಯ ಹೊರಮೈಗೆ ಒತ್ತಿಟ್ಟು, ಮೇಲೆ ಬಟ್ಟೆ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ, ನಡುವಿನ ತಟ್ಟೆಯಲ್ಲಿಡಿ. ಆಗ ಅದು ತೋರಿಸುವುದು ಹೆಚ್ಚುಕಡಿಮೆ ನಿಮ್ಮ ಹಾಲು, ಮೊಸರಿನ ಉಷ್ಣತೆ. ಅದು 5 ಡಿಗ್ರಿ ದಾಟಬಾರದು.

3. ಹೊರಡುವ ಒಂದು ವಾರ ಮೊದಲು: ವೈರು, ಗಾಳಿ, ರಬ್ಬರು

ಅತಿ ಹೆಚ್ಚು ಜನ ತಪ್ಪುವುದು ವೈರಿನ ವಿಷಯದಲ್ಲಿ. ತ್ರೀ-ವೇ ಫ್ರಿಜ್ 12 ವೋಲ್ಟ್‌ನಲ್ಲಿ 10ರಿಂದ 15 ಆಂಪ್ ಎಳೆಯುತ್ತದೆ, ದೊಡ್ಡದಾದರೆ ಇನ್ನೂ ಜಾಸ್ತಿ. ಕಾರಿನ ಮುಂಭಾಗದ ಬ್ಯಾಟರಿಯಿಂದ ಕ್ಯಾರವಾನ್ ಹಿಂದಿನ ಫ್ರಿಜ್‌ವರೆಗೆ ಹತ್ತಾರು ಅಡಿ ತೆಳ್ಳನೆಯ ವೈರು ಎಳೆದಿದ್ದರೆ, ಸಣ್ಣ ಪೈಪಿನಲ್ಲಿ ದೂರದ ತೋಟಕ್ಕೆ ನೀರು ಬಿಟ್ಟಂತೆ, ಕೊನೆ ಮುಟ್ಟುವಷ್ಟರಲ್ಲಿ ಒತ್ತಡವೇ ಇರುವುದಿಲ್ಲ. ಫ್ರಿಜ್‌ಗೆ 12ರ ಬದಲು 10.5 ವೋಲ್ಟ್ ಸಿಕ್ಕರೆ ಹೀಟರ್‌ನ ಬಿಸಿ ಕಾಲು ಭಾಗದಷ್ಟು ಕಡಿಮೆಯಾಗುತ್ತದೆ. ಬಿಸಿ ಕಡಿಮೆಯಾದರೆ ತಂಪೂ ಕಡಿಮೆ. ಲೈಟ್ ಮಾತ್ರ ಉರಿಯುತ್ತಲೇ ಇರುತ್ತದೆ, ಅದಕ್ಕೇ ಯಾರಿಗೂ ಅನುಮಾನ ಬರುವುದಿಲ್ಲ.

ಹೀಗೆ ಪರೀಕ್ಷೆ ಮಾಡಿ: ಕಾರಿಗೆ ಕ್ಯಾರವಾನ್ ಜೋಡಿಸಿ, ಎಂಜಿನ್ ಆನ್ ಮಾಡಿ, ಫ್ರಿಜ್ ಅನ್ನು 12 ವೋಲ್ಟ್‌ಗೆ ಹಾಕಿ, 10 ನಿಮಿಷ ಬಿಡಿ. ಆಮೇಲೆ ಫ್ರಿಜ್ ಹಿಂದಿನ ವೈರಿನ ತುದಿಯಲ್ಲಿ ಮಲ್ಟಿಮೀಟರ್ ಇಡಿ. 12ಕ್ಕಿಂತ ಮೇಲಿದ್ದರೆ ಸಾಕು. 11ರ ಹತ್ತಿರ ಬಂದರೆ ದಪ್ಪ ವೈರು ಮತ್ತು ಆಂಡರ್ಸನ್ ಪ್ಲಗ್ (ಹೆಚ್ಚು ಕರೆಂಟ್ ಸಾಗಿಸುವ ದೊಡ್ಡ ಪ್ಲಗ್) ಹಾಕಿಸಬೇಕು. ಫ್ರಿಜ್ ಆಫ್ ಇಟ್ಟು ಅಳೆದರೆ ಏನೂ ಗೊತ್ತಾಗುವುದಿಲ್ಲ, ಕರೆಂಟ್ ಹರಿಯುವಾಗಲೇ ಅಳೆಯಬೇಕು. ಹೊಸ ಕಾರುಗಳಲ್ಲಿ ಸ್ಮಾರ್ಟ್ ಆಲ್ಟರ್ನೇಟರ್ (ಎಂಜಿನ್ ಓಡುವಾಗ ಬ್ಯಾಟರಿ ತುಂಬುವ ಯಂತ್ರ) ಇರುತ್ತದೆ. ಬ್ಯಾಟರಿ ತುಂಬಿದೆ ಅನ್ನಿಸಿದಾಗ ಅದು ವೋಲ್ಟೇಜ್ ತಾನೇ ಇಳಿಸಿಬಿಡುತ್ತದೆ. ನಿಮ್ಮ ಕಾರು ಅಂಥದ್ದಾದರೆ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಮೊದಲೇ ಮಾತಾಡಿ.

ಆಮೇಲೆ ಗಾಳಿ. ಕ್ಯಾರವಾನ್ ಹೊರಗೋಡೆಯಲ್ಲಿ ಫ್ರಿಜ್ ಹಿಂದೆ ಎರಡು ಜಾಲರಿಗಳಿರುತ್ತವೆ. ಕೆಳಗಿನದರಿಂದ ಗಾಳಿ ಒಳಗೆ ಬಂದು ಮೇಲಿನದರಿಂದ ಬಿಸಿ ಹೊರಗೆ ಹೋಗಬೇಕು. ಚಳಿಗಾಲದ ಮುಚ್ಚಳ ಹಾಕಿದ್ದರೆ ತೆಗೆಯಿರಿ. ಜೇಡರ ಬಲೆ, ಕಣಜದ ಮಣ್ಣಿನ ಗೂಡು ಇದ್ದರೆ ಮೆತ್ತನೆಯ ಬ್ರಷ್‌ನಿಂದ ತೆಗೆಯಿರಿ. ಮೇಲಿನ ಜಾಲರಿಯ ಹತ್ತಿರ 12 ವೋಲ್ಟ್‌ನ ಸಣ್ಣ ಫ್ಯಾನ್ ಒಂದೆರಡು ಹಾಕಿಸಿದರೆ ಬೇಸಿಗೆಯಲ್ಲಿ ಎದ್ದು ಕಾಣುವಷ್ಟು ವ್ಯತ್ಯಾಸವಾಗುತ್ತದೆ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಲಾಭ ಕೊಡುವುದು ಬೇರೆ ಇಲ್ಲ ಅಂತ ನನ್ನ ಅಭಿಪ್ರಾಯ.

ಕೊನೆಗೆ ಬಾಗಿಲ ರಬ್ಬರು. ಒಂದು ಕಾಗದದ ಚೂರು ಇಟ್ಟು ಬಾಗಿಲು ಮುಚ್ಚಿ ಎಳೆಯಿರಿ. ಬಿಗಿಯಾಗಿ ಹಿಡಿದುಕೊಳ್ಳಬೇಕು. ಸುಮ್ನೆ ಜಾರಿ ಬಂದರೆ ಅಲ್ಲಿ ತಂಪು ಸೋರುತ್ತಿದೆ ಅಂತ ಅರ್ಥ. ನಾಲ್ಕೂ ಬದಿ ನೋಡಿ.

4. ಹಿಂದಿನ ದಿನ: ಖಾಲಿ ಫ್ರಿಜ್ ತಣ್ಣಗೆ ಮಾಡಿ

ಕ್ಯಾರವಾನ್ ಮನೆ ಮುಂದೆ ನಿಲ್ಲಿಸಿ, ಮಟ್ಟ ಮಾಡಿ, 240 ವೋಲ್ಟ್‌ಗೆ ಪ್ಲಗ್ ಹಾಕಿ. ಹೊರಡುವ 24 ಗಂಟೆ ಮೊದಲೇ ಶುರು ಮಾಡಿ. ತ್ರೀ-ವೇ ಫ್ರಿಜ್ ತಣ್ಣಗಾಗಲು ಅರ್ಧ ದಿನ ಬೇಕಾಗಬಹುದು. ಬೆಳಿಗ್ಗೆ ಏಳಕ್ಕೆ ಹೊರಡೋರು ಆರಕ್ಕೆ ಸ್ವಿಚ್ ಹಾಕಿದರೆ ಬೆಚ್ಚಗಿನ ಬೀರುವನ್ನು ಎಳೆದುಕೊಂಡು ಹೋದಂತಾಗುತ್ತದೆ ಅಷ್ಟೇ.

ಮೊದಲ ಕೆಲವು ಗಂಟೆ ಒಳಗೆ ಎರಡು ನೀರಿನ ಬಾಟಲಿ ಬಿಟ್ಟು ಬೇರೇನೂ ಇಡಬೇಡಿ. ಅದೇ ಹೊತ್ತಿಗೆ ನಿಮ್ಮ ಊಟದ ಡಬ್ಬಗಳು ಮನೆಯ ಫ್ರಿಜ್‌ನಲ್ಲಿ ತಣ್ಣಗಾಗುತ್ತಿರಲಿ. ಬಾಟಲಿಯ ಥರ್ಮಾಮೀಟರ್ 4 ಡಿಗ್ರಿ ತೋರಿಸಿದ ಮೇಲೆ ಮಾತ್ರ ಸಾಮಾನು ಅಲ್ಲಿಂದ ಇಲ್ಲಿಗೆ ಬರಬೇಕು. ರಾತ್ರಿಯೇ ತುಂಬಿಬಿಡಿ, ಬೆಳಿಗ್ಗೆ ಹೊರಡುವ ಗಡಿಬಿಡಿಯಲ್ಲಿ ಬೇಡ.

5. ಏನು ಒಯ್ಯಬೇಕು, ಹೇಗೆ ತುಂಬಬೇಕು

ನಮ್ಮ ಅಡುಗೆಯಲ್ಲಿ ಫ್ರಿಜ್ ಕೇಳದ ಪದಾರ್ಥಗಳೇ ಬೇಕಾದಷ್ಟಿವೆ, ಅವನ್ನು ಮೊದಲು ಬೇರೆ ಮಾಡಿ. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಉಪ್ಪಿನಕಾಯಿ, ತುಪ್ಪ, ಹುರಿದ ರವೆ, ಅವಲಕ್ಕಿ ಇವೆಲ್ಲ ಹೊರಗಿರಲಿ. ಹಾಲು ಕೂಡ ಲಾಂಗ್ ಲೈಫ್ ಪ್ಯಾಕೆಟ್ ತಗೊಂಡರೆ ಒಡೆಯುವವರೆಗೆ ಹೊರಗೇ ಇರುತ್ತದೆ. ಫ್ರಿಜ್ ಒಳಗೆ ಹೋಗಬೇಕಾದದ್ದು ಮೊಸರು, ಹಿಟ್ಟು, ಪನೀರ್, ಕೋಳಿ, ಬೇಯಿಸಿದ ಅಡುಗೆ, ತೆಂಗಿನಕಾಯಿ ಹಾಕಿದ್ದು.

ದೋಸೆ ಹಿಟ್ಟಿಗೆ ವಿಶೇಷ ಗಮನ ಬೇಕು. ಹಿಟ್ಟು ಹುದುಗಿದ ತಕ್ಷಣ ಕದಡಿ ಗಾಳಿ ತೆಗೆದು, ಡಬ್ಬದಲ್ಲಿ ಅರ್ಧ ಮಾತ್ರ ತುಂಬಿ, ಮನೆಯ ಫ್ರಿಜ್‌ನಲ್ಲಿ ಒಂದು ರಾತ್ರಿ ತಣ್ಣಗಾಗಲು ಬಿಡಿ. ಮೂರನೇ ದಿನಕ್ಕೆ ಬೇಕಾದದ್ದನ್ನು ಜಿಪ್ ಚೀಲದಲ್ಲಿ ಚಪ್ಪಟೆಯಾಗಿ ಫ್ರೀಜ್ ಮಾಡಿ. ಫ್ರೀಜ್ ಆದ ಹಿಟ್ಟು ದೋಸೆಗೆ ಪರವಾಗಿಲ್ಲ, ಇಡ್ಲಿ ಸ್ವಲ್ಪ ಗಟ್ಟಿಯಾಗಬಹುದು. ಹುಳಿ, ಸಾರು, ಗಸಿ ಕೂಡ ಹೀಗೇ ಚಪ್ಪಟೆ ಚೀಲದಲ್ಲಿ ಫ್ರೀಜ್ ಮಾಡಿದರೆ ದಾರಿಯಲ್ಲಿ ಅವೇ ಮಂಜುಗಡ್ಡೆಯ ಕೆಲಸ ಮಾಡುತ್ತವೆ. ಮೊಸರನ್ನು ಮಾತ್ರ ಫ್ರೀಜ್ ಮಾಡಬೇಡಿ, ಒಡೆದು ನೀರು ಬಿಡುತ್ತದೆ.

ಮಾಡಿದ ಅನ್ನ ಒಯ್ಯದಿರುವುದು ಒಳ್ಳೆಯದು. ಅನ್ನ ಕೋಣೆಯ ಬಿಸಿಯಲ್ಲಿ ಗಂಟೆಗಟ್ಟಲೆ ಉಳಿದರೆ ಅದರಲ್ಲಿ ಬೆಳೆಯುವ ಬ್ಯಾಕ್ಟೀರಿಯಾದ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಅಕ್ಕಿ ಒಯ್ದು ಅಲ್ಲಲ್ಲೇ ಬೇಕಾದಷ್ಟು ಮಾಡಿಕೊಂಡು ಗೊಜ್ಜು ಕಲಸಿದರೆ ಆಯ್ತು ಅಲ್ವಾ?

ಬಿಸಿ ಅಡುಗೆ ಯಾವ ಕಾರಣಕ್ಕೂ ನೇರವಾಗಿ ಕ್ಯಾರವಾನ್ ಫ್ರಿಜ್‌ಗೆ ಇಡಬೇಡಿ. ಒಂದು ಪಾತ್ರೆ ಬಿಸಿ ಸಾಂಬಾರ್ ಸಾಕು, ರಾತ್ರಿಯಿಡೀ ಕೂಡಿಸಿದ ತಂಪನ್ನೆಲ್ಲ ತಿಂದುಬಿಡುತ್ತದೆ. ಅಗಲ ತಟ್ಟೆಗಳಿಗೆ ಸುರಿದು ಬೇಗ ಆರಿಸಿ. ಆಸ್ಟ್ರೇಲಿಯಾದ ಆಹಾರ ಸುರಕ್ಷತಾ ನಿಯಮದ ಲೆಕ್ಕದಲ್ಲಿ ಬಿಸಿ ಅಡುಗೆ 60 ಡಿಗ್ರಿಯಿಂದ 21ಕ್ಕೆ ಎರಡು ಗಂಟೆಯೊಳಗೆ ಇಳಿಯಬೇಕು, ಅಲ್ಲಿಂದ 5ಕ್ಕೆ ಇನ್ನು ನಾಲ್ಕು ಗಂಟೆಯೊಳಗೆ. ಹೋಟೆಲಿನವರಿಗಾಗಿ ಮಾಡಿದ ನಿಯಮ, ಮನೆಗೂ ಅದೇ ಒಳ್ಳೆಯದು.

ತುಂಬುವಾಗ ಒಳಗೆ ಗಾಳಿ ಓಡಾಡಲು ಜಾಗ ಬಿಡಿ. ಹಿಂಗೋಡೆಯಲ್ಲಿ ಅಲ್ಯೂಮಿನಿಯಂ ರೆಕ್ಕೆಗಳ ಸಾಲು ಕಾಣುತ್ತದೆ, ಒಳಗಿನ ತಂಪು ಬರುವುದು ಅಲ್ಲಿಂದಲೇ. ಅದಕ್ಕೆ ಡಬ್ಬ ಒತ್ತಿಡಬೇಡಿ, ಎರಡು ಬೆರಳಿನಷ್ಟಾದರೂ ಜಾಗವಿರಲಿ. ಕೊತ್ತಂಬರಿ ಸೊಪ್ಪು ಅದರ ಹತ್ತಿರವಿದ್ದರೆ ಹೆಪ್ಪುಗಟ್ಟಿ ಕಪ್ಪಾಗುತ್ತದೆ. ತಟ್ಟೆಯ ಮೇಲೆ ಪೇಪರ್ ಹಾಸಬೇಡಿ, ಗಾಳಿ ಇಳಿಯುವುದಿಲ್ಲ. ಹಸಿ ಕೋಳಿ ಎಲ್ಲಕ್ಕಿಂತ ಕೆಳಗೆ, ಮುಚ್ಚಿದ ಡಬ್ಬದಲ್ಲಿ. ಬಾಗಿಲು ಎಲ್ಲಕ್ಕಿಂತ ಬೆಚ್ಚಗಿನ ಜಾಗ, ಅಲ್ಲಿ ಹಾಲಿಡುವ ಅಭ್ಯಾಸ ಬಿಡಿ, ಸಾಸು ಜಾಮು ಇಡಿ.

ದಾರಿಯ ಕುಡಿಯುವ ನೀರು, ಜ್ಯೂಸ್, ಮಧ್ಯಾಹ್ನದ ಊಟ ಫ್ರಿಜ್‌ನಲ್ಲಿ ಬೇಡ. ಎಸ್ಕಿಯಲ್ಲಿ ಹೆಪ್ಪುಗಟ್ಟಿದ ನೀರಿನ ಬಾಟಲಿಗಳ ಜೊತೆ ಕಾರಿನಲ್ಲಿರಲಿ. ಮಕ್ಕಳು ಗಂಟೆಗೊಂದು ಸಲ ಬಾಗಿಲು ತೆಗೆಯುವುದು ನಿಲ್ಲುವುದು ಇದರಿಂದಲೇ. ಬೈದರೆ ನಿಲ್ಲುವುದಿಲ್ಲ.

6. ಹೊರಡುವಾಗ: ಸ್ವಿಚ್‌ಗಳ ಕ್ರಮ

ಈ ಕ್ರಮ ತಪ್ಪಿಸಬೇಡಿ.

ಮೊದಲು ಕಾರಿಗೆ ಕ್ಯಾರವಾನ್ ಜೋಡಿಸಿ, ಪ್ಲಗ್ ಹಾಕಿ, ಎಂಜಿನ್ ಆನ್ ಮಾಡಿ. ನಂತರ ಫ್ರಿಜ್ ಅನ್ನು 12 ವೋಲ್ಟ್‌ಗೆ ತಿರುಗಿಸಿ. ಆಮೇಲೆ 240ರ ಕೇಬಲ್ ಬಿಚ್ಚಿ ಸುತ್ತಿಡಿ. ಗ್ಯಾಸ್ ಸಿಲಿಂಡರ್‌ನ ವಾಲ್ವ್ ಮುಚ್ಚಿ. ಕೊನೆಗೆ ಫ್ರಿಜ್ ಬಾಗಿಲಿನ ಚಿಲಕ ಒಂದು ಸಲ ಕೈಯಿಂದ ಎಳೆದು ನೋಡಿ, ಮುಚ್ಚಿದಂತೆ ಕಂಡರೆ ಸಾಲದು. ಮೊದಲ ತಿರುವಿನಲ್ಲೇ ಬಾಗಿಲು ತೆರೆದುಕೊಂಡು ಇಡೀ ದಿನ ಹಾಗೇ ಹೋಗುವುದು ಅಪರೂಪವಲ್ಲ.

ಚಲಿಸುವಾಗ ಗ್ಯಾಸ್‌ನಲ್ಲಿ ಫ್ರಿಜ್ ಓಡಿಸಬೇಡಿ. ಪೆಟ್ರೋಲ್ ಬಂಕ್‌ಗೆ ನುಗ್ಗುವ ಮೊದಲು ಫ್ರಿಜ್‌ನ ಜ್ವಾಲೆ ಆರಿರಲೇಬೇಕು, ಇದರಲ್ಲಿ ರಿಯಾಯಿತಿ ಇಲ್ಲ.

ಓಡುವಾಗ 12 ವೋಲ್ಟ್‌ನಲ್ಲಿ ಉಷ್ಣತೆ ಒಂದೆರಡು ಡಿಗ್ರಿ ಏರುವುದು ಸಹಜ. 3 ಡಿಗ್ರಿಯಲ್ಲಿ ಶುರು ಮಾಡಿದರೆ ಸಂಜೆಯ ಹೊತ್ತಿಗೂ 5 ಡಿಗ್ರಿಯೊಳಗೇ ಇರುತ್ತದೆ. 7 ಡಿಗ್ರಿಯಲ್ಲಿ ಶುರು ಮಾಡಿದವರಿಗೆ ಆ ಅವಕಾಶವಿಲ್ಲ. ರಸ್ತೆಯ ಏರಿಳಿತದ ಬಗ್ಗೆ ಚಿಂತೆ ಬೇಡ, ಓಡುವಾಗ ಓರೆ ಅತ್ತಿತ್ತ ಬದಲಾಗುತ್ತಲೇ ಇರುವುದರಿಂದ ದ್ರವ ಒಂದೇ ಕಡೆ ನಿಲ್ಲುವುದಿಲ್ಲ. ತೊಂದರೆ ನಿಲ್ಲಿಸಿದಾಗ ಮಾತ್ರ.

7. ನಿಲ್ಲಿಸಿದಾಗ: ಮಟ್ಟ, ನೆರಳು, ಗ್ಯಾಸ್

ಹತ್ತು ನಿಮಿಷ ಚಹಾಕ್ಕೆ ನಿಲ್ಲಿಸಿದರೆ ಏನೂ ಮಾಡಬೇಡಿ. 12 ವೋಲ್ಟ್ ಆಫ್ ಆಗಿದ್ದರೂ ಬಾಗಿಲು ತೆಗೆಯದಿದ್ದರೆ ತಂಪು ಉಳಿಯುತ್ತದೆ. ಎಂಜಿನ್ ಆಫ್ ಮಾಡಿದ ಮೇಲೆ ಫ್ರಿಜ್ 12ರಲ್ಲಿ ಬ್ಯಾಟರಿ ಎಳೆಯುತ್ತಿಲ್ಲ ಅಂತ ಮಾತ್ರ ಖಚಿತ ಮಾಡಿಕೊಳ್ಳಿ. 100 ಆಂಪ್-ಅವರ್‌ನ ಸಾಧಾರಣ ಬ್ಯಾಟರಿಯ ಅರ್ಧ ಬಳಸಬಹುದು ಅಂದುಕೊಂಡರೂ ತ್ರೀ-ವೇ ಫ್ರಿಜ್ ಅದನ್ನು ನಾಲ್ಕೈದು ಗಂಟೆಯಲ್ಲಿ ಮುಗಿಸುತ್ತದೆ. ಕಾರಿನ ಬ್ಯಾಟರಿಯೇ ಇಳಿದರೆ ನಲ್ಲಾರ್ಬರ್ ದಾರಿಯ ಕೈಗುನಾ, ಕಾಕ್ಲ್‌ಬಿಡ್ಡಿಯಂಥ ಕಡೆ ಸಹಾಯಕ್ಕೆ ಬಹಳ ಹೊತ್ತು ಕಾಯಬೇಕಾಗುತ್ತದೆ.

ಗಂಟೆಗಿಂತ ಜಾಸ್ತಿ ನಿಲ್ಲುವುದಾದರೆ ಅಥವಾ ರಾತ್ರಿ ತಂಗುವುದಾದರೆ ಮಟ್ಟ ಮಾಡಲೇಬೇಕು. ಮಟ್ಟಗೋಲನ್ನು ಕ್ಯಾರವಾನ್ ನೆಲದ ಮೇಲಲ್ಲ, ಫ್ರಿಜ್‌ನ ಫ್ರೀಜರ್ ಗೂಡಿನ ತಳದ ಮೇಲೆ ಇಡಿ. ಮೊದಲು ಎಡ-ಬಲ ನೋಡಿ: ಕಾರು ಇನ್ನೂ ಜೋಡಿಸಿರುವಾಗಲೇ ತಗ್ಗಾದ ಕಡೆಯ ಚಕ್ರವನ್ನು ರ‍್ಯಾಂಪ್ ಮೇಲೆ ಹತ್ತಿಸಿ, ಗುಳ್ಳೆ ನಡುವಿಗೆ ಬಂದಾಗ ನಿಲ್ಲಿಸಿ. ಚಕ್ರಗಳಿಗೆ ಅಡೆ ಇಡಿ, ಹ್ಯಾಂಡ್‌ಬ್ರೇಕ್ ಹಾಕಿ. ಆಮೇಲೆ ಕಾರು ಬಿಚ್ಚಿ ಮುಂದಿನ ಜಾಕಿ ಚಕ್ರ ತಿರುಗಿಸಿ ಹಿಂದೆ-ಮುಂದೆ ಸರಿ ಮಾಡಿ. ಓರೆಯಾಗಿ ಬಹಳ ಹೊತ್ತು ಓಡಿಸಿದರೆ ಕೊಳವೆಯೊಳಗೆ ಬಿಸಿ ಹೆಚ್ಚಾಗಿ ಹರಳುಗಟ್ಟಿ ಅಡ್ಡ ಕಟ್ಟಿಕೊಳ್ಳುತ್ತದೆ. ಅದು ಮತ್ತೆ ಸರಿಯಾಗುವುದಿಲ್ಲ, ಹಿಂದಿನ ಇಡೀ ಘಟಕವನ್ನೇ ಬದಲಿಸಬೇಕಾಗುತ್ತದೆ.

ನಿಲ್ಲಿಸುವ ದಿಕ್ಕೂ ಮುಖ್ಯ. ಇಲ್ಲಿ ಮಧ್ಯಾಹ್ನದ ಸೂರ್ಯ ಇರುವುದು ಉತ್ತರಕ್ಕೆ, ಊರಿನ ಅಭ್ಯಾಸದಲ್ಲಿ ಲೆಕ್ಕ ಹಾಕಿದರೆ ತಪ್ಪುತ್ತದೆ. ಫ್ರಿಜ್ ಜಾಲರಿ ಇರುವ ಗೋಡೆ ದಕ್ಷಿಣಕ್ಕೆ ಇರಲಿ. ಅದಾಗದಿದ್ದರೆ ಪೂರ್ವಕ್ಕಾದರೂ ಸರಿ, ಪಶ್ಚಿಮ ಮಾತ್ರ ಬೇಡ, ಸಂಜೆಯ ಬಿಸಿಲು ನೇರವಾಗಿ ಬಡಿಯುತ್ತದೆ.

ಕ್ಯಾರವಾನ್ ಪಾರ್ಕ್‌ನಲ್ಲಿ ಕರೆಂಟ್ ಇದ್ದರೆ 240ಕ್ಕೆ ಹಾಕಿ. ಬಯಲಲ್ಲಿ ತಂಗಿದರೆ ಗ್ಯಾಸ್. ವಾಲ್ವ್ ತೆಗೆದು, ಗುಂಡಿ ಒತ್ತಿಹಿಡಿದು ಕಿಡಿ ಹೊತ್ತಿಸಿ, ಹೊತ್ತಿದ ಮೇಲೂ ಹತ್ತು ಹದಿನೈದು ಸೆಕೆಂಡ್ ಗುಂಡಿ ಬಿಡಬೇಡಿ. ಬೇಗ ಬಿಟ್ಟು "ಹೊತ್ತುತ್ತಿಲ್ಲ" ಅನ್ನುವವರೇ ಜಾಸ್ತಿ. ಸಿಲಿಂಡರ್ ಬದಲಿಸಿದ ಮೇಲೆ ಪೈಪಿನ ಗಾಳಿ ಹೋಗಲು ನಾಲ್ಕೈದು ಸಲ ಪ್ರಯತ್ನ ಬೇಕಾಗಬಹುದು. ಗ್ಯಾಸ್ ಖರ್ಚು ದಿನಕ್ಕೆ ಸುಮಾರು 300ರಿಂದ 400 ಗ್ರಾಂ. 9 ಕಿಲೋ ಸಿಲಿಂಡರ್ ಫ್ರಿಜ್ ಒಂದಕ್ಕೇ ಆದರೆ ಮೂರು ವಾರಕ್ಕೂ ಸಾಕು, ಜಿಪುಣತನ ಬೇಡ.

ರಾತ್ರಿ ಬಯಲು ತಣ್ಣಗಾಗುತ್ತದೆ. ಫ್ರಿಜ್ ಚೆನ್ನಾಗಿ ಕೆಲಸ ಮಾಡುವ ಹೊತ್ತು ಅದೇ. ಮಲಗುವ ಮೊದಲು ಮರುದಿನದ ನೀರಿನ ಬಾಟಲಿ ಫ್ರೀಜರ್‌ಗೆ ಹಾಕಿ, ಬೆಳಿಗ್ಗೆ ಅದು ಎಸ್ಕಿಗೆ ಹೋಗಲಿ.

8. ಸೆಡೂನಾದ ತಪಾಸಣೆ ಲೆಕ್ಕದಲ್ಲಿರಲಿ

ಪರ್ತ್ ಕಡೆಯಿಂದ ಬರುವವರನ್ನು ಸೆಡೂನಾದಲ್ಲಿ ನಿಲ್ಲಿಸಿ ಫ್ರಿಜ್ ತೆಗೆದು ನೋಡುತ್ತಾರೆ. ಹಣ್ಣುನೊಣ ಹರಡದಿರಲಿ ಅಂತ ತಾಜಾ ಹಣ್ಣು, ತರಕಾರಿ ಬಿಡುವುದಿಲ್ಲ. ಎದುರು ದಿಕ್ಕಿನಲ್ಲಿ ಪಶ್ಚಿಮಕ್ಕೆ ಹೋಗುವವರಿಗೆ ಗಡಿಯ ಬಾರ್ಡರ್ ವಿಲೇಜ್‌ನಲ್ಲೇ ತಪಾಸಣೆ, ಅಲ್ಲಿ ಜೇನುತುಪ್ಪವನ್ನೂ ತೆಗೆದುಕೊಳ್ಳುತ್ತಾರೆ. ಆದ್ದರಿಂದ ಮಾವು, ಟೊಮೇಟೊ, ಹಸಿಮೆಣಸಿನಕಾಯಿ ಕಿಲೋಗಟ್ಟಲೆ ತುಂಬಿ ಫ್ರಿಜ್‌ನ ಜಾಗ ಕೊಡಬೇಡಿ. ಎರಡು ದಿನಕ್ಕಾಗುವಷ್ಟು ತಗೊಂಡು ಮುಗಿಸಿ, ಸೆಡೂನಾ ದಾಟಿದ ಮೇಲೆ ಅಂಗಡಿಯಲ್ಲಿ ಹೊಸದಾಗಿ ಕೊಳ್ಳಿ. ಏನೇನು ಬಿಡುತ್ತಾರೆ ಅನ್ನುವ ಪಟ್ಟಿ ಆಯಾ ರಾಜ್ಯ ಸರ್ಕಾರದ ಜಾಲತಾಣದಲ್ಲಿ ಹೊರಡುವ ಮೊದಲು ನೋಡಿಕೊಳ್ಳಿ, ನಿಯಮ ಬದಲಾಗುತ್ತಿರುತ್ತದೆ.

9. ಎಚ್ಚರಿಕೆಯ ಲಕ್ಷಣಗಳು

ಮೂಗಿಗೆ ಚುಚ್ಚುವ ಅಮೋನಿಯ ವಾಸನೆ, ಅಥವಾ ಹಿಂದಿನ ಕೊಳವೆಯಲ್ಲಿ ಹಳದಿ ಕಲೆ, ಹಳದಿ ಪುಡಿ ಕಂಡರೆ ಸೋರುತ್ತಿದೆ ಅಂತ ಅರ್ಥ. ಫ್ರಿಜ್ ಆಫ್ ಮಾಡಿ, ಗ್ಯಾಸ್ ಮುಚ್ಚಿ, ಕಿಟಕಿ ತೆಗೆದು ಎಲ್ಲರೂ ಹೊರಗೆ ಬನ್ನಿ. ಅದನ್ನು ಮತ್ತೆ ಆನ್ ಮಾಡಬೇಡಿ.

ಗ್ಯಾಸ್ ಜ್ವಾಲೆ ನೀಲಿಯಾಗಿರಬೇಕು. ಹಳದಿಯಾಗಿ ಕುಣಿಯುತ್ತಿದ್ದರೆ, ಜಾಲರಿ ಸುತ್ತ ಮಸಿ ಹಿಡಿದಿದ್ದರೆ, ಗ್ಯಾಸ್ ಸರಿಯಾಗಿ ಉರಿಯುತ್ತಿಲ್ಲ. ಕಾರ್ಬನ್ ಮಾನಾಕ್ಸೈಡ್ ಅಪಾಯ ಇದೆ. ಲೈಸೆನ್ಸ್ ಇರುವ ಗ್ಯಾಸ್ ಫಿಟರ್ ನೋಡುವವರೆಗೆ ಗ್ಯಾಸ್ ಬಳಸಬೇಡಿ.

240ರಲ್ಲಿ ಚೆನ್ನಾಗಿದ್ದು 12ರಲ್ಲಿ ಮಾತ್ರ ಬೆಚ್ಚಗಾದರೆ ವೈರು ನೋಡಿ. ಮೂರರಲ್ಲೂ ಬೆಚ್ಚಗಿದ್ದರೆ ಮಟ್ಟ ಮತ್ತು ಜಾಲರಿ ನೋಡಿ. ಒಳಗಿನ ರೆಕ್ಕೆಗಳ ಮೇಲೆ ಮಂಜು ದಪ್ಪವಾಗಿ ಕಟ್ಟಿದ್ದರೆ ಆಫ್ ಮಾಡಿ ಕರಗಿಸಿ. ಚಾಕುವಿನಿಂದ ಕೆರೆಯಬೇಡಿ.

ಇನ್ನು ಊಟದ ವಿಷಯ. ಥರ್ಮಾಮೀಟರ್ 5 ಡಿಗ್ರಿ ದಾಟಿದ ಹೊತ್ತನ್ನು ಬರೆದಿಡಿ. ಎರಡು ಗಂಟೆಯೊಳಗೆ ಮತ್ತೆ ಇಳಿಸಿದರೆ ಇಟ್ಟುಕೊಳ್ಳಬಹುದು. ಎರಡರಿಂದ ನಾಲ್ಕು ಗಂಟೆ ಆಗಿದ್ದರೆ ಆಗಲೇ ತಿಂದು ಮುಗಿಸಿ, ಮತ್ತೆ ಫ್ರಿಜ್‌ಗೆ ಬೇಡ. ನಾಲ್ಕು ಗಂಟೆ ದಾಟಿದ್ದರೆ ಕೋಳಿ, ಮೀನು, ಪನೀರ್, ಹಾಲು, ಅನ್ನ, ತೆಂಗಿನಕಾಯಿ ಚಟ್ನಿ ಎಲ್ಲ ಚೆಲ್ಲಿ. ಹೊತ್ತಿನ ಲೆಕ್ಕ ಒಟ್ಟು ಸೇರಿಸಿ ಹಾಕಬೇಕು, ಬೆಳಿಗ್ಗೆ ಒಂದು ಗಂಟೆ ಮಧ್ಯಾಹ್ನ ಎರಡು ಗಂಟೆ ಅಂದರೆ ಮೂರು. ಮೂಸಿ ನೋಡಿ ನಿರ್ಧರಿಸಬೇಡಿ, ಕಾಯಿಲೆ ತರುವ ಬ್ಯಾಕ್ಟೀರಿಯಾಕ್ಕೆ ವಾಸನೆ ಇರಲೇಬೇಕು ಅಂತಿಲ್ಲ. ಜೊತೆಯಲ್ಲಿ ಪುಟ್ಟ ಮಕ್ಕಳು, ಬಸುರಿಯರು, ವಯಸ್ಸಾದ ಅಪ್ಪ-ಅಮ್ಮ ಇದ್ದರೆ ಅನುಮಾನ ಬಂದದ್ದನ್ನೆಲ್ಲ ಚೆಲ್ಲಿ. ನೂರಾರು ಕಿಲೋಮೀಟರ್ ಆಸ್ಪತ್ರೆ ಇಲ್ಲದ ದಾರಿಯಲ್ಲಿ ಒಂದು ಡಬ್ಬ ಪಲ್ಯ ಉಳಿಸುವುದು ಬೇಡ.

10. ಮನೆ ತಲುಪಿದ ಮೇಲೆ

ಅದೇ ದಿನ ಖಾಲಿ ಮಾಡಿ ಆಫ್ ಮಾಡಿ. ಗ್ಯಾಸ್ ವಾಲ್ವ್ ಮುಚ್ಚಿ. ಅಡಿಗೆ ಸೋಡ ಕಲಸಿದ ಬೆಚ್ಚನೆ ನೀರಲ್ಲಿ ಒಳಗೆ ಒರೆಸಿ, ರಬ್ಬರಿನ ಮಡಿಕೆಗಳನ್ನೂ ಬಿಡಬೇಡಿ, ಹಿಟ್ಟು ಅಲ್ಲೇ ಸೇರಿಕೊಂಡಿರುತ್ತದೆ. ಒಣಬಟ್ಟೆಯಿಂದ ಒರೆಸಿ, ಬಾಗಿಲು ಪೂರ್ತಿ ಮುಚ್ಚದೆ ಚಿಲಕದ ಎರಡನೇ ಹಂತದಲ್ಲಿ ಸಿಕ್ಕಿಸಿಡಿ, ಆ ವ್ಯವಸ್ಥೆ ಇಲ್ಲದಿದ್ದರೆ ಮಡಿಸಿದ ಬಟ್ಟೆಯೊಂದನ್ನು ಬಾಗಿಲ ಸಂದಿಗೆ ಕೊಡಿ. ಮುಚ್ಚಿಟ್ಟರೆ ಒಂದೇ ವಾರದಲ್ಲಿ ಬೂಷ್ಟು ಹಿಡಿಯುತ್ತದೆ.